ಪಾಊ ಎಂಬ ಮನೆ

ಹವಾಯಿಯ ಎವಾ ಬಯಲಿನಲ್ಲಿ, ಹಿಂದೆ ಕಬ್ಬು ಬೆಳೆಯುತ್ತಿದ್ದ ಕಡೆ, ನೂರಿಪ್ಪತ್ತು ಹೊಸ ಮನೆಗಳು ಎದ್ದವು. ಅವಕ್ಕೆ ಹೆಸರಿಡುವ ಕೆಲಸ ಉಲುವೆಹಿಯ ಪಾಲಿಗೆ ಬಂತು. ಮೂವತ್ತೊಂದು ವರ್ಷ ಶಾಲೆಯಲ್ಲಿ ಹವಾಯಿ ಭಾಷೆ ಕಲಿಸಿ ನಿವೃತ್ತಳಾದವಳು ಅವಳು. ಕೇಳಿಕೊಂಡು ಬಂದ, ಮನೆ ಕಟ್ಟಿಸಿದ ಕಂಪನಿಯ ಮ್ಯಾನೇಜರ್ ಗ್ಲೆನ್ ಹಿಗಾ ಏಳನೇ ತರಗತಿಯಲ್ಲಿ ಅವಳ ಕೈಯಲ್ಲೇ ಪಾಠ ಹೇಳಿಸಿಕೊಂಡವನು.

"ಮೂರು ನಮೂನೆ ಮನೆ ಆಂಟಿ, ಮೂರು ಹೆಸರು ಸಾಕು. ಕೇಳೋಕೆ ಇಂಪಾಗಿರ್ಲಿ."

"ಇಂಪು ತಗೊಂಡು ಏನ್ಮಾಡ್ತೀಯೋ? ಈ ನೆಲದ್ದಾಗಿರ್ಬೇಕು," ಎಂದಳು ಅವಳು.

ಎರಡು ತಿಂಗಳು ಆ ಬಿಸಿಲ ಬಯಲನ್ನು ಸುತ್ತಿದಳು. ಹಳೆಯ ನಕ್ಷೆಗಳನ್ನು ತಿರುವಿದಳು. ತೊಂಬತ್ತು ದಾಟಿದ ಚಿಕ್ಕಮ್ಮನ ಬಳಿ ಕೂತು, ಕಬ್ಬಿಗೆ ಮೊದಲು ಅಲ್ಲಿ ಏನೇನು ಬೆಳೆಯುತ್ತಿತ್ತು ಎಂದು ಬರೆದುಕೊಂಡಳು. ದೊಡ್ಡ ಮನೆಗೆ ವಿಲಿವಿಲಿ, ನಡುವಿನದಕ್ಕೆ ನಾಯೊ, ಎರಡೂ ಒಣನೆಲದ ಮರಗಳು. ಚಿಕ್ಕ ಮನೆಗೆ ಮಾತ್ರ ಅವಳಿಗೆ ಎಲ್ಲಕ್ಕಿಂತ ಪ್ರಿಯವಾದ ಹೆಸರು: ಪಾಊ. ಪಾಊ ಎಂದರೆ ಸೊಂಟಕ್ಕೆ ಸುತ್ತುವ ಲಂಗ. ಮರಳ ಮೇಲೆ ಹಬ್ಬುವ ಒಂದು ನೀಲಿ ಹೂವಿನ ಬಳ್ಳಿಗೂ ಅದೇ ಹೆಸರು. ಪೆಲೆ ದೇವಿ ತನ್ನ ಹಸುಗೂಸು ತಂಗಿಯನ್ನು ದಡದಲ್ಲಿ ಮಲಗಿಸಿ ಮೀನಿಗೆ ಹೋದಾಗ, ಮಗುವಿಗೆ ಬಿಸಿಲು ತಾಗದಂತೆ ತಾನೇ ಹಬ್ಬಿ ಮೈತುಂಬ ಹೊದಿಕೆಯಾದ ಬಳ್ಳಿ ಅದು. ಮನೆಗೆ ಇದಕ್ಕಿಂತ ಒಳ್ಳೆಯ ಹೆಸರು ಯಾವುದಿದ್ದೀತು?

ಉದ್ಘಾಟನೆಗೆ ಹತ್ತು ದಿನ ಮುಂಚೆ ಫಲಕ ನೋಡಿ ಅವಳ ಜೀವ ಧಸಕ್ಕೆಂದಿತು. ದೀರ್ಘ ಎಳೆಸುವ ಅಕ್ಷರದ ಮೇಲಿನ ಗೆರೆಯೂ ಇಲ್ಲ, ಸ್ವರಗಳನ್ನು ಬಿಡಿಸಿ ಹೇಳಿಸುವ ನಡುವಿನ ಕೊಂಬಿನಂಥ ಗುರುತೂ ಇಲ್ಲ. ಉಳಿದದ್ದು ಬರೀ "ಪೌ". ಪೌ ಎಂದರೆ ಮುಗಿಯಿತು. ಊಟ ಮುಗಿದರೂ ಪೌ, ಕೆಲಸ ಮುಗಿದರೂ ಪೌ, ಸಂಸಾರ ಮುರಿದರೂ ಪೌ. ಭಾಷೆ ಬಾರದವರಿಗೂ ಈ ದ್ವೀಪಗಳಲ್ಲಿ ಈ ಒಂದು ಮಾತು ಗೊತ್ತು.

"ಆ ಗೆರೆ-ಗಿರೆ ಹಾಕಿದ್ರೆ ಕಂಪ್ಯೂಟರಲ್ಲಿ ಖಾಲಿ ಚೌಕ ಬರುತ್ತೆ ಆಂಟಿ," ಎಂದ ಗ್ಲೆನ್. "ಹೆಡ್ ಆಫೀಸಿಗೆ ಬರೀರಿ."

ಬರೆದಳು. ನಿಮ್ಮ ಭಾಷಾಪ್ರೇಮ ಕಂಡು ಸಂತೋಷವಾಯಿತು ಎಂಬ ಉತ್ತರ ಬಂತು. ಮತ್ತೆ ಬರೆದಳು, ಅದೇ ಸಂತೋಷ, ಬೇರೆ ಸಹಿ. ಫೋನ್ ಮಾಡಿದರೆ ಸಂಗೀತ ಹಾಕಿ ಕೂರಿಸಿದರು. ಒಂದು ಗೆರೆ ಎಳೆಯಲು ಒಬ್ಬರ ಕೈಯೂ ಮೇಲೇಳಲಿಲ್ಲ.

ಉದ್ಘಾಟನೆಯ ದಿನ ಬಾಗಿಲಿಗೆ ಮೈಲೆ ಬಳ್ಳಿಯ ಹಾರ ಕಟ್ಟಿದ್ದರು. ಪ್ರಾರ್ಥನೆ ಹೇಳಿ ಮನೆಗಳ ಹೆಸರು ಓದಬೇಕಾದವಳು ಉಲುವೆಹಿಯೇ. ಬರುವುದೇ ಬೇಡವೆಂದುಕೊಂಡಿದ್ದಳು, ಆದರೆ ಆ ಮನೆಗಳಲ್ಲಿ ಬಾಳಬೇಕಾದವರ ತಪ್ಪೇನಿದೆ ಎಂದು ಬಂದಳು. ಪ್ರಾರ್ಥನೆ ಮುಗಿಸಿ, ಫಲಕದಲ್ಲಿದ್ದದ್ದನ್ನು ಇದ್ದ ಹಾಗೇ ಓದಿದಳು: "ವಿಲಿವಿಲಿ. ನಾಯೊ. ಪೌ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಗೋಡೆ ಈಗ ತಾನೆ ಎದ್ದಿದೆ, ಆಗ್ಲೇ ಮುಗೀತಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ಗ್ಲೆನ್‌ನ ಮುಖ ಸುಟ್ಟ ಬದನೆಕಾಯಿಯಾಯಿತು.

ಇನ್ನಾದರೂ ತಿದ್ದಿಯಾರು ಎಂದುಕೊಂಡಳು. ತಿದ್ದಲಿಲ್ಲ, ತೆಗೆದೇಬಿಟ್ಟರು. ಮರುವಾರ ಚಿಕ್ಕ ಮನೆಗಳ ಹೆಸರು "ಸನ್‌ಸೆಟ್" ಎಂದಾಗಿತ್ತು. ಕಾರು ನಿಲ್ಲಿಸಿ ಅದನ್ನು ಓದಿ, ಸ್ಟಿಯರಿಂಗಿಗೆ ಎರಡು ಸಲ ಗುದ್ದಿದಳು. ತನ್ನ ಬಾಯಿಂದಲೇ ಹೋಯಿತಲ್ಲ ಆ ಹೆಸರು ಎಂಬ ಸಂಕಟ ಬೇರೆ.

ಮೂರು ತಿಂಗಳಾದ ಮೇಲೆ ಪಲಕೀಕೊ ಎಂಬ ಬಸ್ ಡ್ರೈವರ್ ಅವಳ ಮನೆ ಹುಡುಕಿಕೊಂಡು ಬಂದ. ಅಂಥದೇ ಒಂದು ಚಿಕ್ಕ ಮನೆ ಅವನದು.

"ಆಂಟಿ, ಅವತ್ತು ನಾನೂ ನಕ್ಕಿದ್ದೆ. ಆಮೇಲೆ ನನ್ನ ಹೆಂಡ್ತಿ ಕೇಳಿದ್ಲು, ನಿಜವಾದ ಹೆಸರೇನು ಅಂತ. ಬರ್ಕೊಡ್ತೀರಾ?"

ಕಾಗದದ ಮೇಲೆ ದೊಡ್ಡದಾಗಿ, ಗೆರೆ ಕೊಂಬು ಸಮೇತ ಬರೆದು, ಬಳ್ಳಿಯ ಕಥೆಯನ್ನೂ ಹೇಳಿದಳು. ಅವನು ಹಲಗೆಯ ಮೇಲೆ ಕೆತ್ತಿ ಬಾಗಿಲ ಪಕ್ಕ ತೂಗುಹಾಕಿದ. ವಾರದೊಳಗೆ ನಿವಾಸಿಗಳ ಸಂಘದಿಂದ ನೋಟಿಸು ಬಂತು: ಅನುಮತಿಯಿಲ್ಲದ ಫಲಕ, ಮೂವತ್ತು ದಿನದೊಳಗೆ ತೆಗೆಯತಕ್ಕದ್ದು.

"ತೆಗೀಬೇಡ. ಉತ್ತರ ನಾನು ಬರೀತೀನಿ," ಎಂದಳು ಉಲುವೆಹಿ. ರಾಜ್ಯದ ಎರಡು ಅಧಿಕೃತ ಭಾಷೆಗಳಲ್ಲಿ ಒಂದಾದ ತನ್ನ ಭಾಷೆಯಲ್ಲೇ ನಾಲ್ಕು ಪುಟ ಬರೆದು, ಪಲಕೀಕೊನ ಸಹಿ ಹಾಕಿಸಿ, ಕೆಳಗೆ ತನ್ನ ಫೋನ್ ನಂಬರೂ ಬರೆದು ಕಳಿಸಿದಳು.

ಐದನೇ ದಿನ ಸಂಘದ ಕಚೇರಿಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ದನಿ ಬಲು ವಿನಯದ್ದು. "ಮೇಡಂ, ಇದನ್ನ ಓದೋರು ನಮ್ಮಲ್ಲಿ ಯಾರೂ ಇಲ್ಲ. ನೀವೇ ಸ್ವಲ್ಪ ಇಂಗ್ಲಿಷಲ್ಲಿ ಬರೆದು ಕೊಡ್ತೀರಾ?"

"ಇಲ್ಲಮ್ಮಾ. ಓದೋರನ್ನ ಹುಡುಕ್ಕೊಳ್ಳಿ," ಎಂದು ಉಲುವೆಹಿ ಫೋನ್ ಇಟ್ಟಳು. ಓದುವವರು ಸಿಗುವ ತನಕ ಆ ಕಡತ ಅವರ ಮೇಜಿನ ಮೇಲೆ, ಹಲಗೆ ಪಲಕೀಕೊನ ಗೋಡೆಯ ಮೇಲೆ.