ತೂಕಡಿಕೆಯ ಪಾಠ

ಮನೋರೋಗ ವಾರ್ಡಿನ ಹಿರಿಯ ನರ್ಸಮ್ಮನಿಗೆ ಮಾತ್ರೆಗಳ ಬಗ್ಗೆ ತಿಳಿಹೇಳುವುದೆಂದರೆ ನೀರು ಕುಡಿದಷ್ಟು ಸಲೀಸು. "ಆತಂಕದ ಮಾತ್ರೆ ತಗೊಂಡು ಗಾಡಿ ಓಡಿಸಬೇಡಿ. ಜೊತೆಗೆ ಕುಡಿಯಬೇಡಿ. ನೀವಾಗೇ ಹೆಚ್ಚು ಮಾಡ್ಕೋಬೇಡಿ, ಇದ್ದಕ್ಕಿದ್ದಂತೆ ಬಿಡಲೂ ಬೇಡಿ," ಎಂದು ಹಾಸಿಗೆ ಹಾಸಿಗೆಗೂ ಹೋಗಿ ಒಪ್ಪಿಸುತ್ತಿದ್ದಳು. ರೋಗಿಗಳು ಗೋಣು ಆಡಿಸುತ್ತಿದ್ದರು. ಎಲ್ಲ ತಲೆಗೆ ಹೋಯಿತೆಂದು ಆಕೆ ಬೀಗುತ್ತಿದ್ದಳು.

ವೇದಿಕೆಯೆಂದರೆ ಮಾತ್ರ ಆಕೆಯ ಜೀವ ಬಾಯಿಗೆ ಬರುತ್ತಿತ್ತು. ನರ್ಸಿಂಗ್ ಕಾಲೇಜಿನವರು ಇದೇ ವಿಷಯದ ಮೇಲೆ ಭಾಷಣಕ್ಕೆ ಕರೆದಾಗ ಊಟ ಸೇರದಾಯಿತು. ಕೊನೆಗೆ ವಾರ್ಡಿನ ಡಾಕ್ಟರಿಗೇ ತೋರಿಸಿಕೊಂಡಳು.

"ಮೊದಲು ರಜೆ ದಿನ ಅರ್ಧ ಮಾತ್ರೆ ತಗೊಂಡು ನೋಡಿ ಸಿಸ್ಟರ್," ಎಂದರು ಅವರು, ಆತಂಕದ ಮಾತ್ರೆ ಬರೆದುಕೊಡುತ್ತ.

"ಅಯ್ಯೋ ಡಾಕ್ಟ್ರೇ, ನನಗೇ ಹೇಳ್ತೀರಾ!"

ರಜೆಯೆಲ್ಲ ಬಟ್ಟೆ ಒಗೆಯುವುದರಲ್ಲೇ ಕಳೆಯಿತು. ಭಾಷಣದ ಬೆಳಿಗ್ಗೆ ಅರ್ಧ ನುಂಗಿದಳು. ಎದೆಯ ಡವಡವ ನಿಲ್ಲಲಿಲ್ಲ. ಇನ್ನರ್ಧ ನುಂಗಿದಳು. ಬಸ್ಸಿಳಿಯುವಾಗ ಮತ್ತೊಂದು. ಆ ಎಚ್ಚರಿಕೆಯೆಲ್ಲ ರೋಗಿಗಳಿಗೆ, ತಾನು ನರ್ಸಲ್ಲವೇ?

ವೇದಿಕೆ ಹತ್ತಿದಾಗ ಭಯದ ಸುಳಿವೇ ಇಲ್ಲ. ಹೂದಾನಿಯನ್ನೇ ಮೈಕೆಂದುಕೊಂಡು ಅದರ ಮುಂದೆ ನಿಂತಳು. "ಈ ಮಾತ್ರೆಯಿಂದ... ಮುಖ್ಯವಾಗಿ... ತೂಕಡಿಕೆ..." ಎಂದವಳೇ ಕುರ್ಚಿಗೆ ಕುಸಿದು, ಮೇಜಿಗೆ ತಲೆಯಾನಿಸಿ ಗೊರಕೆ ಹೊಡೆದಳು. ಪ್ರಾತ್ಯಕ್ಷಿಕೆಯಿರಬೇಕೆಂದು ವಿದ್ಯಾರ್ಥಿನಿಯರು ಚಪ್ಪಾಳೆ ತಟ್ಟಿದರು.

ಭಾಷಣ ಕೇಳಲು ಬಂದಿದ್ದ ವಾರ್ಡಿನ ಡಾಕ್ಟರು ಓಡಿಬಂದು ನಾಡಿ, ಉಸಿರು ನೋಡಿ, ಸಂಜೆಯವರೆಗೆ ಕಣ್ಗಾವಲಿನಲ್ಲಿಟ್ಟು ಮನೆಗೆ ಕಳಿಸಿದರು. ಕರೆದೊಯ್ಯಲು ಬಂದ ಗಂಡ ನಗು ತಡೆಯಲಾರದೆ, "ನನ್ನ ಮಾತು ಕೇಳಿದ್ರೆ ನಿದ್ದೆ ಬರುತ್ತೆ ಅಂತ ನೀನು ಹೇಳ್ತಿದ್ದೆ. ನಿನ್ನ ಮಾತಿಗೆ ನಿನಗೇ ಬಂತಲ್ಲೇ!" ಎಂದ.

ಮರುದಿನ ವಾರ್ಡಿನಲ್ಲಿ ಎಂದಿನ ಪಾಠ ಶುರು ಮಾಡಿದವಳು 'ನೀವಾಗೇ ಹೆಚ್ಚು ಮಾಡ್ಕೋಬೇಡಿ' ಎನ್ನುವಲ್ಲಿಗೆ ಬಂದು ತಾನೇ ನಕ್ಕುಬಿಟ್ಟಳು. ಮುಚ್ಚಿಟ್ಟು ಮಾಡುವುದೇನು ಎನ್ನಿಸಿ, ಹೂದಾನಿಯಿಂದ ಗೊರಕೆಯವರೆಗೆ ಎಲ್ಲ ಹೇಳಿಬಿಟ್ಟಳು. ವಾರ್ಡಿಗೆ ವಾರ್ಡೇ ಬಿದ್ದು ಬಿದ್ದು ನಕ್ಕಿತು. ನಗು ಇಳಿದ ಮೇಲೆ ಕಿಟಕಿ ಪಕ್ಕದ ಹಾಸಿಗೆಯ ದರ್ಜಿ ಮೆಲ್ಲಗೆ ಬಾಯಿಬಿಟ್ಟ.

"ಸಿಸ್ಟರ್, ಮನೇಲಿ ಹುಷಾರಾದೆ ಅಂತ ಮಾತ್ರೆ ನಾನೇ ನಿಲ್ಲಿಸಿಬಿಟ್ಟೆ. ಅದಾದ್ಮೇಲೇ ಕೈ ನಡುಗೋಕೆ ಶುರುವಾಗಿದ್ದು. ಬೈತೀರಿ ಅಂತ ಯಾರಿಗೂ ಹೇಳಿರಲಿಲ್ಲ."

"ಬೈಯೋ ಮುಖ ನನಗೆಲ್ಲಿದೆ ಅಣ್ಣಾ?" ಎಂದು ಸ್ಟೂಲೆಳೆದು ಕೂತಳು. "ಯಾವಾಗ ಬಿಟ್ರಿ, ಆಮೇಲೆ ಏನೇನಾಯ್ತು, ನಿಧಾನಕ್ಕೆ ಹೇಳಿ. ಡಾಕ್ಟ್ರಿಗೆ ನಾನೇ ತಿಳಿಸ್ತೀನಿ. ಬಿಡೋದಾದ್ರೆ ಅವರು ಸ್ವಲ್ಪ ಸ್ವಲ್ಪವಾಗೇ ಕಮ್ಮಿ ಮಾಡಿಸ್ತಾರೆ."

ಅವನು ಹೇಳತೊಡಗಿದ. ಪಕ್ಕದ ಹಾಸಿಗೆಯವರೂ ಒಬ್ಬೊಬ್ಬರಾಗಿ ಹತ್ತಿರ ಸರಿದರು.