ಒಂದು ಪದ್ಯದಷ್ಟು ಬಿಸಿ

ಬೀಗರ ಕಾರಿಗಿಂತ ಮೊದಲು ಅದರ ಸದ್ದು ನಮ್ಮ ಗ್ಯಾರೇಜಿನ ಶೆಡ್ಡಿನೊಳಗೆ ಬಂತು. ಬಾಗಿಲ ದಿಬ್ಬ ಹತ್ತುವಾಗ ಹಿಂದಿನ ಚಕ್ರ ತನ್ನ ಮೇಲಿನ ತಗಡಿನ ಕಮಾನಿಗೆ, ಫೆಂಡರಿಗೆ ಉಜ್ಜಿ, ಸೀದ ಪಾತ್ರೆಯ ತಳ ಕೆರೆದ ಹಾಗೆ ಕರಕರ ಎಂದಿತು. ಹಿಂದಿನ ಸೀಟಿನಿಂದ ಬೀಗಿತ್ತಿ ಇಳಿದರು. ಅವರ ಹಿಂದೆ ಮಗುವನ್ನು ಎತ್ತಿಕೊಂಡು ನನ್ನ ಮಗಳು.

“ನಮ್ಮವಳು ಹಿಂದೆ ಕೂತ್ರೆ ಮಾತ್ರ ಹೀಗಾಗುತ್ತೆ,” ಎಂದರು ಬೀಗರು.

“ಹೌದೌದು, ಆ ದಪ್ಪ ಟೈರು ನಾನೇ ಹಾಕಿಸಿದ್ದು ನೋಡಿ,” ಎಂದರು ಬೀಗಿತ್ತಿ. “ಇವರಿಗೆ ಕಾರಿಗೂ ಮೀಸೆ ಇರಬೇಕು.”

ನಮ್ಮವರು ನಕ್ಕರು, ಸದ್ದಿಲ್ಲದೆ. ನೆಗಡಿಯಿಂದ ಅವರ ದನಿ ಪೂರ್ತಿ ಕಟ್ಟಿತ್ತು.

ಫೆಂಡರಿನ ಒಳಬದಿಯಲ್ಲಿ ಬೆರಳಗಲದ ತಗಡಿನ ಅಂಚೊಂದು ಮಡಿಚಿಕೊಂಡಿರುತ್ತದೆ. ಟೈರು ಉಜ್ಜುವುದು ಅದಕ್ಕೇ. ಚಕ್ರ ಬಿಚ್ಚಿ, ಆ ಜಾಗಕ್ಕೆ ರೋಲರ್ ಇರುವ ಉದ್ದ ತೋಳೊಂದನ್ನು ಬಿಗಿದು, ಅಂಚನ್ನು ಸ್ವಲ್ಪಸ್ವಲ್ಪವೇ ಮೇಲಕ್ಕೆ ಒತ್ತಿ ಮಡಿಸಬೇಕು. ಆಮೇಲೆ ಫೆಂಡರನ್ನು ತುಸು ಹೊರಕ್ಕೆ ಎಳೆಯಬೇಕು. ತಗಡು ಹೇಳಿದ ಮಾತು ಕೇಳುತ್ತದೆ. ಅದರ ಮೇಲಿನ ಬಣ್ಣ ಕೇಳುವುದಿಲ್ಲ, ಬಿರಿಯುತ್ತದೆ. ಅದಕ್ಕೆ ಬಿಸಿಗಾಳಿ ಊದುವ ಗನ್ ಹಿಡಿದು ಮೊದಲು ಅದನ್ನು ಮೆತ್ತಗಾಗಿಸಬೇಕು. ಬಿಸಿ ಕಡಿಮೆಯಾದರೆ ಬಿರುಕು, ಹೆಚ್ಚಾದರೆ ಗುಳ್ಳೆ.

ನಮ್ಮವರು ಬಿಸಿಯನ್ನು ಪದ್ಯದಲ್ಲಿ ಅಳೆಯುತ್ತಾರೆ. ಅವರ ತಾಯಿ ಮುಸ್ಸಂಜೆ ಹೇಳುತ್ತಿದ್ದ ಸ್ತುತಿ, ಪದ್ಯಕ್ಕೆ ಆರಾರು ಸಾಲು. ಒಂದು ಪದ್ಯ ಮುಗಿಯುವಷ್ಟರಲ್ಲಿ ಗನ್ ಅಂಚಿನ ಆ ತುದಿಗೆ ಹೋಗಿ ಬರುತ್ತದೆ. ಮುಂದಿನ ಪದ್ಯ ರೋಲರಿನದು. ಶಾಖ ತೋರಿಸುವ ಯಂತ್ರವೂ ಇದೆ, ಅದನ್ನೂ ನೋಡುತ್ತಾರೆ. ಆದರೆ ಅದು ಒಂದು ಚುಕ್ಕೆಯ ಬಿಸಿ ಹೇಳೀತು, ಕೈಯ ನಡಿಗೆ ಹೇಳದು. ಮದುವೆಯಾಗಿ ಬಂದಾಗಿನಿಂದ ಶೆಡ್ಡಿನ ಮೂಲೆಯ ಸ್ಟೂಲಿನ ಮೇಲೆ ಕೂತು ಆ ಪದ್ಯಗಳನ್ನು ಕೇಳುತ್ತಾ ಬಂದಿದ್ದೇನೆ. ದನಿಯೆತ್ತಿ ಹೇಳಿದವಳಲ್ಲ.

ಬೀಗರ ಕಾರಿನದು ಮಾಗಿದ ದ್ರಾಕ್ಷಿಯ ಬಣ್ಣ. ಅದನ್ನು ಕಲೆಸಿಕೊಟ್ಟ ಪೇಂಟರ್ ಅಂಗಡಿ ಮುಚ್ಚಿ ಹೋಗಿದ್ದಾನೆ. ಮತ್ತೆ ಅದೇ ಬಣ್ಣ ಸಿಗುವುದಿಲ್ಲ. ಬಿರಿದರೆ ಅವರು ಏನೂ ಅನ್ನುವವರಲ್ಲ, ಒಳ್ಳೆಯ ಜನ. ಆದರೆ ಆ ಬಿರುಕು ನನ್ನ ಮಗಳು ಹತ್ತಿಳಿಯುವ ಬಾಗಿಲ ಪಕ್ಕದಲ್ಲೇ ಇರುತ್ತದೆ. ‘ನಿಮ್ಮಪ್ಪನ ಕೈಗುಣ’ ಎಂದು ಯಾರಾದರೂ ತಮಾಷೆಗೆ ಅಂದರೂ ಅವಳ ಮುಖ ಬಾಡುತ್ತದೆ. ನಮ್ಮವರಿಗೆ ಇದ್ದ ಅಳುಕು ಅದೊಂದೇ. ಹಿಂದಿನ ರಾತ್ರಿ ಊಟಕ್ಕೆ ಕೂತಾಗಲೂ ಬೆರಳಿನಿಂದ ತಟ್ಟೆಯ ಅಂಚು ಸವರುತ್ತಿದ್ದರು.

ದನಿ ಇಲ್ಲದ್ದರಿಂದ ನಮ್ಮವರು ಪದ್ಯವನ್ನು ಮನಸ್ಸಿನಲ್ಲೇ ಹೇಳಿಕೊಂಡು ಶುರುಮಾಡಿದರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಬೀಗರು ಪಕ್ಕಕ್ಕೆ ಬಂದು ನಿಂತರು. ನಮ್ಮ ಮನೆಯೊಳಗೆ ಅವರಿಗೆ ‘ರೇಡಿಯೋ’ ಎಂದು ಹೆಸರು. ಟೈರು ಆರಿಸಿದ ಕಥೆ ಮುಗಿದು, ಅಂಗಡಿಯವನ ಸೋದರಮಾವನ ಕಥೆ ಶುರುವಾಗುವ ಹೊತ್ತಿಗೆ ನಮ್ಮವರ ತುಟಿ ನಿಂತಿತು. ಗನ್ನೂ ನಿಂತಿತು. ಯಂತ್ರ ಹಿಡಿದು ನೋಡಿದರೆ ಅಂಚಿನ ಒಂದು ಕಡೆ ಕಾದಿತ್ತು, ಇನ್ನೊಂದು ಕಡೆ ಆರಿತ್ತು.

ಬೀಗರಿಗೆ ಸುಮ್ಮನಿರಿ ಅನ್ನುವುದು ಹೇಗೆ? ಪದ್ಯದ ವಿಷಯ ನಾನೇ ಮೆಲ್ಲಗೆ ಹೇಳಿದೆ.

“ಅಷ್ಟೇನಾ? ಆ ಸ್ತುತಿ ನಂಗೂ ಬರುತ್ತೆ. ಸ್ಕೂಲಲ್ಲಿ ಬಹುಮಾನ ತಗೊಂಡಿದ್ದೆ,” ಎಂದು ಗಂಟಲು ಸರಿಮಾಡಿಕೊಂಡರು.

ಬರುತ್ತಿದ್ದುದು ನಿಜ. ಆದರೆ ಹೊರಟ ಬಸ್ಸನ್ನು ಹಿಡಿಯುವವರ ಹಾಗೆ ಹೇಳಿದರು. ಮೂರನೆಯ ಸಾಲು ಮುಗಿದಲ್ಲಿ ಉಸಿರು ತೆಗೆದುಕೊಳ್ಳುವ ಜಾಗವೊಂದಿದೆ, ಗನ್ ತಿರುಗುವುದು ಅಲ್ಲೇ, ಅದನ್ನು ಹಾರಿಸಿಯೇಬಿಟ್ಟರು. ಆ ವೇಗದ ಹಿಂದೆ ಓಡಿದ ನಮ್ಮವರ ಕೈ ಗನ್ನಿನಿಂದ ರೋಲರಿಗೆ ಬೇಗ ಬಂತು.

ಟಿಕ್ ಎಂದಿತು.

ರೇಡಿಯೋ ಬಂದ್ ಆಯಿತು. ಮಗಳು ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದಳು. ನಮ್ಮವರು ಮಂಡಿಯೂರಿ, ಟಾರ್ಚ್ ಹಿಡಿದು, ಹೊರಗಿನ ಬಣ್ಣವನ್ನು ಹೆಬ್ಬೆರಳಿನಿಂದ ಉದ್ದಕ್ಕೂ ಸವರಿದರು. ಆಮೇಲೆ ಒಳಗೆ ಕೈಹಾಕಿ, ಅಂಗೈ ತೆರೆದು ತೋರಿಸಿದರು. ಟಿಕ್ ಎಂದದ್ದು ಬಣ್ಣವಲ್ಲ, ಒಣಗಿದ ಮಣ್ಣಿನ ಹಕ್ಕಳೆ.

“ಇವರನ್ನ ಒಂದು ಸುತ್ತು ಹೊರಗೆ ಕಳಿಸ್ಲಾ?” ಎಂದರು ಬೀಗಿತ್ತಿ.

“ಅಮ್ಮ, ನೀನೇ ಹೇಳು,” ಎಂದಳು ಮಗಳು. “ಪಾತ್ರೆ ತೊಳೀವಾಗ ದಿನಾ ಗುನುಗ್ತಿದ್ಯಲ್ಲ.”

ಅದು ಯಾರಿಗೂ ಕೇಳಿಸುತ್ತಿರಲಿಲ್ಲ ಎಂದುಕೊಂಡಿದ್ದೆ. ನಮ್ಮವರು ನನ್ನ ಕಡೆ ನೋಡಿದರು. ಅವರಿಗೂ ಕೇಳಿಸಿರಬೇಕು. ಸೆರಗಿನಲ್ಲಿ ಕೈ ಒರೆಸಿಕೊಂಡು, ದೇವರನ್ನು ನೆನೆದು ಬಾಯಿ ತೆರೆದೆ.

ಬಾಗಿ ಬಂದರೆ ಕೈಯ ಹಿಡಿವವ
ಸಾಗಿ ಬಿದ್ದರೆ ಎತ್ತಿ ನಡೆಸುವ

ಮೂರನೆಯ ಸಾಲಿನ ಕೊನೆಯಲ್ಲಿ ಅತ್ತೆ ಉಸಿರು ತೆಗೆದುಕೊಳ್ಳುತ್ತಿದ್ದಲ್ಲೇ ನಾನೂ ತೆಗೆದುಕೊಂಡೆ. ಗನ್ ಅಲ್ಲೇ ತಿರುಗಿತು. ಆಮೇಲೆ ನನಗೆ ಯಾರೂ ಕಾಣಲಿಲ್ಲ. ಅವರ ಕೈ ಹೋಗುವುದು, ಬರುವುದು, ಇಷ್ಟೇ. ಸುತ್ತಿ ಸುತ್ತಿ ಬಂದ ಪದ್ಯಗಳಲ್ಲಿ ಅಂಚು ಮುದುರಿದ ಎಲೆಯಂತೆ ಒಳಗೆ ಮಲಗಿತು. ಕೊನೆಯ ಪದ್ಯಕ್ಕೆ ತೋಳನ್ನು ಮೆಲ್ಲಗೆ ಎಳೆದರು, ಫೆಂಡರು ಗಲ್ಲ ಉಬ್ಬಿಸಿದಷ್ಟು ಹೊರಬಂತು.

ಬೀಗರು ಕನ್ನಡಕ ಹಾಕಿಕೊಂಡು ಬಗ್ಗಿದರು. ಆ ಹೊಳಪಿನಲ್ಲಿ ಅವರ ಮುಖ ಇಡಿಯಾಗಿತ್ತು, ಮೀಸೆಯ ಸಮೇತ. ಒಂದು ಗೆರೆಯೂ ಇರಲಿಲ್ಲ. ಅವರು ಕಾರನ್ನು ಸುತ್ತಿ ಹೋಗಿ, ಆಚೆ ಬದಿಯ ಚಕ್ರದ ಬೋಲ್ಟುಗಳನ್ನು ತಾವೇ ಸಡಿಲಿಸತೊಡಗಿದರು. ನಮ್ಮವರು ತಮಗೆಂದು ಕಾಯಿಸಿಟ್ಟ ನೀರಿನ ಲೋಟವನ್ನು ತಂದು ನನ್ನ ಕೈಗಿಟ್ಟರು.

ಆ ಬದಿಯೂ ಮುಗಿದ ಮೇಲೆ ಪರೀಕ್ಷೆಗೆ ಎಲ್ಲರೂ ಹತ್ತಿದೆವು. ಹಿಂದೆ ಬೀಗಿತ್ತಿ, ಮಗುವಿನೊಡನೆ ಮಗಳು, ನಾನು; ಮುಂದೆ ಗಂಡಸರು. ಕಾರು ಬಾಗಿಲ ದಿಬ್ಬ ಇಳಿಯಿತು. ಎಲ್ಲರೂ ಕಿವಿಯಾಗಿದ್ದೆವು. ಬೀದಿಯ ಹಂಪ್ ಹತ್ತಿತು, ಇಳಿಯಿತು. ಮಗುವಿನ ಉಸಿರು ಬಿಟ್ಟರೆ ಏನೂ ಕೇಳಿಸಲಿಲ್ಲ. ಮಗಳು ಕಿಟಕಿಯಾಚೆ ನೋಡುತ್ತಾ ನಗುತ್ತಿದ್ದಳು. ಮುಂದೆ ನಮ್ಮವರ ಭುಜ ಸಡಿಲವಾಯಿತು.

“ಈಗ ಮಾತಾಡಬಹುದಾ?” ಎಂದರು ಬೀಗರು, ಹಿಂದೆ ತಿರುಗದೆ.

“ಇನ್ನೊಂದು ಹಂಪ್ ಬರ್ಲಿ, ಇರಿ,” ಎಂದರು ಬೀಗಿತ್ತಿ.