ಪುಸ್ತಕದಲ್ಲಿಲ್ಲದ ಹೊಲ

ಪಾಪಯ್ಯನವರಂಥ ಮನುಷ್ಯ ಈ ಸೀಮೆಯಲ್ಲಿ ಇನ್ನೊಬ್ಬ ಹುಟ್ಟಲಾರ ಎಂದು ನಾನು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗುತ್ತಿದ್ದ ಕಾಲವೊಂದಿತ್ತು. ಹುಟ್ಟದಿದ್ದರೆ ಒಳ್ಳೆಯದೇ ಎಂದು ಈಗ ಅನ್ನಿಸುತ್ತದೆ.

ನಮ್ಮ ಮನೆ ಹೊಸೂರು ಪೇಟೆಯಲ್ಲಿ. ಅಪ್ಪ ತಾಲ್ಲೂಕು ಕಚೇರಿಯ ಗುಮಾಸ್ತರು. ಮನೆಯಲ್ಲಿ ಗಾಜಿನ ಬೀರು ತುಂಬ ಪುಸ್ತಕವಿತ್ತು, ಬೀರುವಿಗೆ ಬೀಗವಿತ್ತು, ಬೀಗದ ಕೈ ಅಪ್ಪನ ಜನಿವಾರದಲ್ಲಿತ್ತು. ಆ ಪುಸ್ತಕಗಳಿಂದ ನನಗೆ ಬುದ್ಧಿ ಬಂತೆಂದರೆ ಸುಳ್ಳಾಗುತ್ತದೆ. ಬುದ್ಧಿ ಎಂಬುದೇನಾದರೂ ಬಂದಿದ್ದರೆ ಅದು ಮೇಷ್ಟ್ರ ಕೆಲಸ ಸಿಕ್ಕಿ ಅಂಚೆಟ್ಟಿಗೆ ಹೋದ ಮೇಲೆ ಬಂದದ್ದು. ಯುದ್ಧದ ಕಾಲ. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸು ಡೆಂಕಣಿಕೋಟೆಯವರೆಗೆ ಹೇಗೋ ಬಂದು ಉಸ್ಸೆಂದು ನಿಂತುಬಿಡುತ್ತಿತ್ತು. ಅಲ್ಲಿಂದ ಮುಂದಕ್ಕೆ ನಮ್ಮ ಕಾಲೇ ಗತಿ.

ಅಂಚೆಟ್ಟಿಯಲ್ಲಿ ಪಾಪಯ್ಯನವರು ಪುರಾಣ ಹೇಳುತ್ತಿದ್ದರು. ಪುರಾಣಕ್ಕೆ ಇಬ್ಬರು ಬೇಕು. ಒಬ್ಬ ಪದ್ಯವನ್ನು ರಾಗವಾಗಿ ಓದಬೇಕು, ಇನ್ನೊಬ್ಬ ಅದರ ಅರ್ಥ ಹೇಳಬೇಕು. ಅವರ ಹಳೆಯ ಓದುಗ ಕೆಮ್ಮು ಹತ್ತಿ ಮಲಗಿದ್ದ. ನನ್ನ ಕಂಠ ಸುಮಾರಾಗಿತ್ತು, ರಾಗಗಳನ್ನು ಅಮ್ಮನಿಂದ ಕಲಿತಿದ್ದೆ. ಹೀಗಾಗಿ ಸುಬ್ಬರಾಮ ಮೇಷ್ಟ್ರು ಎನ್ನಿಸಿಕೊಂಡಿದ್ದ ನಾನು ಪಾಪಯ್ಯನವರ ಓದುಗನಾದೆ. ಹಳಗನ್ನಡ ಜನಕ್ಕೆ ಎಲ್ಲಿ ತಿಳಿಯಬೇಕು? ನಾನು ಓದಿ ನಿಲ್ಲಿಸಿದ ಕೂಡಲೇ ಎಲ್ಲರ ಮುಖ ಅವರ ಕಡೆ ತಿರುಗುತ್ತಿತ್ತು. ಕನ್ನಡದಲ್ಲಿ ಬಿಡಿಸುವರು, ತೆಲುಗು ಮನೆಯ ಹೆಂಗಸರಿದ್ದರೆ ತೆಲುಗಿನಲ್ಲಿ ಇನ್ನೊಮ್ಮೆ ಹೇಳುವರು, ನಡುವೆ ತಮಿಳಿನಲ್ಲಿ ಒಂದು ಚಟಾಕಿ.

ಮತ್ತೆ ಎಂಥ ಅರ್ಥ! ಋಷಿ ಶಾಪ ಕೊಟ್ಟನೆಂದು ನಾನು ಓದಿದರೆ, ಶಾಪ ತಿಂದವನು ಆವತ್ತು ಊಟ ಮಾಡಿದ್ದನೋ ಇಲ್ಲವೋ ಋಷಿ ಕೇಳಿದನೇ ಎಂದು ಅವರು ಸಭೆಯನ್ನು ಕೇಳುವರು. ಅರಸನ ದೊಡ್ಡಿಯ ಸಾವಿರ ಹಸುವಿನ ವರ್ಣನೆ ಬಂದರೆ, ಒಂದೊಂದು ಹಸುವೂ ಯಾರ ಹಟ್ಟಿಯಿಂದ ಬಿಚ್ಚಿ ತಂದದ್ದು ಎಂದು ವಿಚಾರಿಸುವರು. ಇದೊಂದೂ ಪುಸ್ತಕದಲ್ಲಿಲ್ಲವೆಂದು ಪುಸ್ತಕ ಹಿಡಿದ ನನಗೆ ಗೊತ್ತಿತ್ತು. ಕವಿ ಹೇಳಲಾರದೆ ಬಿಟ್ಟದ್ದನ್ನು ಇವರು ಹೇಳುತ್ತಿದ್ದಾರೆ, ದೊಡ್ಡತನವೆಂದರೆ ಇದೇ ಎಂದು ನಂಬಿದ್ದೆ. ಅವರು ಖಾದಿ ಉಡುತ್ತಿದ್ದರು. ಜೈಲಿಗೆ ಹೋಗಿರಲಿಲ್ಲ, ಹೋಗಿಬಂದವರ ಹಾಗೆ ಮಾತಾಡುತ್ತಿದ್ದರು. ಅವರ ಮಾತು ಕೇಳಿಯೇ ನಾನು ಶಾಲೆಯ ಜಗಲಿಯ ಮೇಲೆ ಬೇರೆ ಕೂರುತ್ತಿದ್ದ ಹರಿಜನಕೇರಿಯ ಮಕ್ಕಳನ್ನು ಒಳಗೆ ಕರೆದು ಕೂರಿಸಿದ್ದು. ಊರವರು ಮುಖ ತಿರುಗಿಸಿದರು. ಪಾಪಯ್ಯನವರಿದ್ದಾರಲ್ಲ ಎಂದು ನಾನು ಹೆದರಲಿಲ್ಲ.

ಯುದ್ಧ ಮುಗಿದ ವರ್ಷ ಶ್ರಾವಣದ ಶನಿವಾರಗಳಲ್ಲಿ ನಾಟ್ರಾಂಪಾಳ್ಯದ ಅಶ್ವತ್ಥಪ್ಪನವರು ಪುರಾಣ ಇಡಿಸಿದರು. ಕಾಡಿನ ದಾರಿ, ಆನೆ ತಿರುಗುವ ಜಾಗ. ಇಬ್ಬರೂ ಮಧ್ಯಾಹ್ನವೇ ಹೊರಟು ಹೊತ್ತಿರುವಾಗಲೇ ಊರು ಸೇರುತ್ತಿದ್ದೆವು. ಅಶ್ವತ್ಥಪ್ಪನವರು ಸಾಧು ಮನುಷ್ಯ. ಮಗ ಚಿನ್ನಸ್ವಾಮಿಯ ಮುಖ ನೋಡಿ ಗಟ್ಟಿಯಾಗಿ ಮಾತಾಡಿದವರಲ್ಲ. ಮಗಳು ಗೋವಿಂದಮ್ಮನ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ. ಅವಳು ತೌರಿಗೆ ಬಂದು ನಾಲ್ಕು ವರ್ಷವಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ದುಡಿದು ಕೊನೆಯಲ್ಲಿ ಉಣ್ಣುತ್ತಿದ್ದಳು. ಪುರಾಣದ ಹೊತ್ತಿನಲ್ಲಿ ಮಾತ್ರ ಕೆಲಸ ಬಿಟ್ಟು ಬಂದು ಕಂಬಕ್ಕೊರಗಿ ಕೂರುತ್ತಿದ್ದಳು.

ಒಂದು ಶನಿವಾರ, ಗಂಡ ಬಿಟ್ಟ ಮಗಳು ತಂದೆಯ ಅರಮನೆಗೆ ಮರಳುವ ಪ್ರಸಂಗ ಬಂತು. ಅರಸ ಮರುಗಿ ಅವಳಿಗೆ ಅನ್ನ ಬಟ್ಟೆ ಕೊಟ್ಟು ಇಟ್ಟುಕೊಂಡನೆಂದು ಒಂದೇ ಪದ್ಯದಲ್ಲಿ ಕವಿ ಮುಗಿಸಿದ್ದ. ಪಾಪಯ್ಯನವರು ಮುಗಿಸಲಿಲ್ಲ. ಅರಸ ಮಗಳ ಕೈ ಹಿಡಿದು ಹೊಲಕ್ಕೆ ಕರೆದುಕೊಂಡು ಹೋದ, ಇದು ನಿನ್ನದು ಎಂದು ಎಲ್ಲೆ ತೋರಿಸಿದ ಎಂದರು. ಆಮೇಲೆ ದನಿ ತಗ್ಗಿಸಿ, "ನೆಲ ಕೊಡದೆ ಬರೀ ಅನ್ನ ಹಾಕೋ ತಂದೆ ಮಗಳನ್ನ ಸಾಕೋದಿಲ್ಲ ಕಣ್ರಪ್ಪ, ಆಳು ಮಾಡ್ಕೊತಾನೆ" ಅಂದರು. ನನ್ನ ಮೈ ಜುಮ್ಮೆಂದಿತು. ಹೆಂಗಸರು ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದರು.

ಆಗ ಅಶ್ವತ್ಥಪ್ಪನವರು ಎದ್ದು ನಿಂತು ಪುಸ್ತಕಕ್ಕೆ ಕೈ ಮುಗಿದರು. "ಈ ಪುಸ್ತಕದಾಗೆ ಆ ಮಗಳಿಗೆ ಏನು ಕೊಟ್ಟವ್ರೋ ನನ್ನ ಮಗಳಿಗೂ ಅದೇಯಾ. ಇಷ್ಟು ಜನದ ಮುಂದೆ ಹೇಳಿವ್ನಿ" ಎಂದು ಕೂತರು. ತಮ್ಮ ಹೊಲಗಳಲ್ಲಿ ಮೂಲೆಹೊಲ ಗೋವಿಂದಮ್ಮನಿಗೆ ಎಂದು ನೆಟ್ಟಗೆ ಹೇಳಿದ್ದರೆ ತೀರುತ್ತಿತ್ತು. ಮಗನಿಗೆ ಹೆದರಿದ ಮುದುಕ ಪುಸ್ತಕವನ್ನು ಅಡ್ಡ ಹಿಡಿದ. ಮಾರನೆಯ ಬೆಳಿಗ್ಗೆ ಮಗಳನ್ನು ಒಬ್ಬಳನ್ನೇ ಕರೆದುಕೊಂಡು ಹೋಗಿ ಆ ಹೊಲದ ಬದುವಿನ ಮೇಲೆ ನಿಂತು, ಇದು ನಿನ್ನದು ಎಂದು ಕೈ ತೋರಿಸಿದರಂತೆ. ಅವಳು ಹುರುಳಿ ಬಿತ್ತಿದಳು. ಸಂಕ್ರಾಂತಿಗೆ ಮುಂಚೆ ಮುದುಕ ತೀರಿಕೊಂಡ.

ಮುಂಗಾರಿನ ಮೊದಲ ಹದಕ್ಕೆ ಚಿನ್ನಸ್ವಾಮಿ ಮೂಲೆಹೊಲಕ್ಕೆ ನೇಗಿಲು ಹೂಡಿದ. ಗೋವಿಂದಮ್ಮ ಎತ್ತಿನ ಮುಂದೆ ನಿಂತಳು. ಪಂಚಾಯ್ತಿ ಸೇರಿತು. ಪುಸ್ತಕದ ಸಮೇತ ಬರಬೇಕೆಂದು ನಮಗೆ ಹೇಳಿಕಳಿಸಿದರು. ದಾರಿಯುದ್ದಕ್ಕೂ ನಾನು ಹಬ್ಬಕ್ಕೆ ಹೊರಟವನ ಹಾಗೆ ನಡೆದೆ. ಇಷ್ಟು ವರ್ಷ ಹೇಳಿದ್ದಕ್ಕೆ ಇಂದು ಒಂದು ಹೆಣ್ಣಿಗೆ ಹೊಲ ಸಿಗುತ್ತದಲ್ಲ ಎಂದೆ. ಪಾಪಯ್ಯನವರು, ನೋಡೋಣ, ಬಿಸಿಲು ಜಾಸ್ತಿ ಎಂದರು.

ಅರಳಿಕಟ್ಟೆಯ ಮೇಲೆ ಊರಗೌಡ ನಾರಾಯಣಪ್ಪನವರು ಕೂತಿದ್ದರು. ಒಳ್ಳೆಯ ಮನುಷ್ಯ, ಗೋವಿಂದಮ್ಮನ ಕಡೆಗೇ ಒಲವಿತ್ತೆಂದು ಕಾಣುತ್ತಿತ್ತು. ಅಪ್ಪ ಬದುವಿನ ಮೇಲೆ ನಿಂತು ಕೈ ತೋರಿಸಿದ್ದನ್ನು ಅವಳು ಹೇಳಿದಾಗ, ಇದ್ದರೂ ಇರಬಹುದು ಎಂದು ತಲೆಯಾಡಿಸಿದರು. ಚಿನ್ನಸ್ವಾಮಿ ಅದಕ್ಕೆ ಸಾಕ್ಷಿ ಯಾರು ಎಂದ. ಸಭೆಯಲ್ಲಿ ಅಪ್ಪ ಆಡಿದ ಮಾತನ್ನು ಮಾತ್ರ ಅವನು ಅಲ್ಲಗಳೆಯಲಿಲ್ಲ. "ಅಪ್ಪನ ಮಾತು ಮೀರಾಕಿಲ್ಲ. ಪುಸ್ತಕದಾಗೆ ಹೊಲ ಐತೆ ಅಂತ ತೋರ್ಸಿ, ಈಗ್ಲೇ ಬುಟ್ಕೊಡ್ತೀನಿ. ಸುಳ್ಳು ಗಿಳ್ಳು ಹೇಳಿದ್ರೆ ಕೃಷ್ಣಗಿರಿ ಕೋರ್ಟಿಗೆ ಹೋಯ್ತೀನಿ. ಪುಸ್ತಕ ತಂದೋರ್ನೂ ಅಲ್ಲಿಗೇ ಕರೆಸ್ತೀನಿ" ಎಂದ. ಕೋರ್ಟು ಎಂದಾಗ ಪಾಪಯ್ಯನವರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು.

ನಾರಾಯಣಪ್ಪನವರು ನನಗೆ ಓದಲು ಹೇಳಿದರು. ನಾನು ಪುಟ ತೆಗೆದೆ. ಅನ್ನ ಬಟ್ಟೆಯ ಪದ್ಯವನ್ನು ಓದಿದೆ. ಓದಿ ನಿಲ್ಲಿಸಬೇಕಾಗಿತ್ತು. ಗೋವಿಂದಮ್ಮ ಕಟ್ಟೆಯ ಕೆಳಗೆ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು. ಪುಸ್ತಕದ ಮೇಲಿನ ಕಣ್ಣು ತೆಗೆಯದೆ, ರಾಗ ಮುರಿಯದೆ, ನಾನು ಮುಂದೆ ಹಾಡಿದೆ.

ಮರಳಿ ಬಂದಾ ಮಗಳ ಕಂಡನು
ಕರವ ಪಿಡಿದಾ ಹೊಲವ ತೋರಿದ
ಇರಲಿ ನಿನಗೀ ನೆಲವು ಮಗಳೇ ಎಂದನಾ ನೃಪನು

ಪದ್ಯಕ್ಕೆ ಆರು ಸಾಲು ಬೇಕು. ಉಳಿದ ಮೂರು ಹೊಳೆಯಲಿಲ್ಲ. ಆದರೆ ಎಣಿಸುವವರು ಅಲ್ಲಿ ಯಾರಿದ್ದರು? ಕಟ್ಟೆಯ ಸುತ್ತ ಗುಜುಗುಜು ಎದ್ದಿತು. ಯಾರೋ ಮುದುಕಿ, ಅಂಗೇ ಐತಲ್ಲ, ಪಾಪಯ್ಯನೋರು ಹೇಳಿದ್ದೂ ಅದೇಯಾ ಎಂದಳು. ಚಿನ್ನಸ್ವಾಮಿಯ ಮುಖ ಸಣ್ಣದಾಯಿತು. ಸತ್ಯವಾಗಿ ಹೇಳುತ್ತೇನೆ, ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ನಾನು ಮತ್ತೆಂದೂ ಹಾಡಿಲ್ಲ. ನಾರಾಯಣಪ್ಪನವರು ಪಾಪಯ್ಯನವರ ಕಡೆ ತಿರುಗಿ, ಅರ್ಥ ಹೇಳಿಬಿಡಿ ಸ್ವಾಮಿ, ತೀರ್ಮಾನ ಮಾಡೋಣ ಎಂದರು. ಹೋದ ಶ್ರಾವಣದಲ್ಲಿ ಇದೇ ಜನಕ್ಕೆ ಹೇಳಿದ ಅರ್ಥ. ಹೊಸದಾಗಿ ಏನನ್ನೂ ಕಟ್ಟಬೇಕಾಗಿರಲಿಲ್ಲ.

ಪಾಪಯ್ಯನವರು ಕನ್ನಡಕ ಹಾಕಿಕೊಂಡರು. ಪುಸ್ತಕವನ್ನು ನನ್ನ ಮಡಿಲಿನಿಂದ ಎತ್ತಿಕೊಂಡು, ಬೆರಳಿಟ್ಟು ಪುಟವನ್ನು ಮೇಲಿಂದ ಕೆಳಗೆ ನೋಡಿದರು. "ಹುಡುಗ ಕೊನೇಲಿ ಹಾಡಿದ್ದು ಇದರಲ್ಲಿಲ್ಲ" ಎಂದರು.

ಗೌಡರಿಗೆ ಮೊದಲು ಅರ್ಥವಾಗಲಿಲ್ಲ. ಹಾಗಾದರೆ ಹೋದ ಶ್ರಾವಣದಲ್ಲಿ ತಾವೇ ಹೇಳಿದ ಹೊಲದ ಮಾತು ಎಂದು ಕೇಳಿದರು.

"ಅದು ರಂಜನೆಗೆ ಹೇಳೋದು ಗೌಡ್ರೇ. ಹೆಂಗಸರು ಕೂತಿದ್ದರು, ಒಂದಿಷ್ಟು ಬೆಳೆಸಿ ಹೇಳಿದೆ. ಪುಸ್ತಕದಲ್ಲಿರೋದು ಅನ್ನ ಬಟ್ಟೆ ಅಷ್ಟೆ."

ಅಲ್ಲಿಗೆ ಮುಗಿಯಿತು. ಅಶ್ವತ್ಥಪ್ಪನವರ ಮಾತಿನಂತೆ, ಪುಸ್ತಕದಲ್ಲಿರುವಂತೆ, ಚಿನ್ನಸ್ವಾಮಿ ಅಕ್ಕನಿಗೆ ಅನ್ನ ಬಟ್ಟೆ ಕೊಟ್ಟು ಇಟ್ಟುಕೊಳ್ಳತಕ್ಕದ್ದೆಂದು ತೀರ್ಪಾಯಿತು. ಬದುವಿನ ಮೇಲೆ ಕೈ ತೋರಿಸಿದ ವಿಷಯವನ್ನು ಗೋವಿಂದಮ್ಮ ಮತ್ತೆ ಎತ್ತಿದಳು. ಯಾವನೋ ಹಿಂದಿನಿಂದ, ಪದ್ಯ ಕಟ್ಟಿದೋರು ಅದುನ್ನೂ ಕಟ್ಟಿರ್ತಾರೆ ಎಂದ. ಜನ ನಕ್ಕರು. ನಾರಾಯಣಪ್ಪನವರು ನಗಲಿಲ್ಲ, ಆದರೆ ಈ ಸಲ ತಲೆಯನ್ನೂ ಆಡಿಸಲಿಲ್ಲ. ನನ್ನ ಕಡೆಗೆ ನೋಡಿದ ನೋಟದಲ್ಲಿ ಮೇಷ್ಟ್ರೆಂಬ ಮರ್ಯಾದೆ ಉಳಿದಿರಲಿಲ್ಲ.

ಗೌಡರ ಜಗಲಿಯ ಮೇಲೆ ನಮಗೆ ಮಜ್ಜಿಗೆ ಕೊಟ್ಟರು. ಪಾಪಯ್ಯನವರು ಕುಡಿದರು. ಕವಿಯ ಪದ್ಯಕ್ಕೆ ಕೈ ಹಾಕುವಷ್ಟು ದೊಡ್ಡವನಾದೆಯಾ, ನಾಳೆ ಕೋರ್ಟಿನಲ್ಲಿ ಪುಸ್ತಕ ತೆಗಿ ಅಂದಿದ್ದರೆ ಏನು ಮಾಡುತ್ತಿದ್ದೆ ಎಂದು ನನ್ನನ್ನೇ ಗದರಿದರು. ನಾನು ಮಜ್ಜಿಗೆ ಮುಟ್ಟಲಿಲ್ಲ. ಹೆದರಿಕೆಯಲ್ಲ, ಸಿಟ್ಟು. ಪದ್ಯ ನಿಮ್ಮದಲ್ಲ, ಒಪ್ಪಿದೆ. ಅದಕ್ಕೆ ಹೇಳಿದ ಅರ್ಥ ನಿಮ್ಮದಲ್ಲವೇ, 'ಪುಸ್ತಕದಲ್ಲಿ ಇಲ್ಲದಿದ್ದರೂ ನ್ಯಾಯ ಇದೇ ಎಂದು ನಾನು ಹೇಳಿದ್ದೆ, ಈಗಲೂ ಹೇಳುತ್ತೇನೆ' ಎಂದು ಅಷ್ಟು ಜನದೆದುರು ಅನ್ನಬಹುದಿತ್ತಲ್ಲ ಎಂದು ಕೇಳಿದೆ. ಅಂದಿದ್ದರೆ ಊರಿಗೆ ಊರೇ ಒಪ್ಪುತ್ತಿತ್ತು. ಅವರಿಗೂ ಅದು ಗೊತ್ತಿತ್ತು.

ಅವರು ಲೋಟ ಕೆಳಗಿಟ್ಟರು. ಸಿಟ್ಟಿರಲಿಲ್ಲ ಮುಖದಲ್ಲಿ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಹೇಳಿದ್ದನ್ನೆಲ್ಲ ಹೊತ್ಕೊಂಡು ನಿಲ್ಲಬೇಕು ಅಂದ್ರೆ ಯಾರು ತಾನೇ ಒಳ್ಳೆ ಮಾತು ಹೇಳ್ತಾರೆ ಸುಬ್ಬರಾಮ?" ಎಂದರು.

ಮಕ್ಕಳನ್ನು ಶಾಲೆಯ ಒಳಗೆ ಕರೆದು ಕೂರಿಸಿದ ದಿನ ನೆನಪಾಯಿತು. ಆ ದಿನ ಊರು ನನ್ನ ಮೇಲೆ ಬಿದ್ದಿದ್ದರೆ ಇವರು ಎಲ್ಲಿರುತ್ತಿದ್ದರೆಂದು ಈಗ ತಿಳಿಯಿತು. ನನ್ನ ತಲೆಯಲ್ಲಿರುವ ನಾಲ್ಕು ಒಳ್ಳೆಯ ವಿಚಾರವೂ ಈ ಮನುಷ್ಯನಿಂದಲೇ ಬಂದದ್ದು. ಅವುಗಳನ್ನು ಕಿತ್ತೆಸೆಯಲೂ ಆಗದು, ಇವರದೆಂದು ಹೇಳಿಕೊಳ್ಳಲೂ ನಾಚಿಕೆ. ಪುಸ್ತಕವನ್ನು ಅವರ ಹತ್ತಿರವೇ ಬಿಟ್ಟು, ನೀವು ಹೊರಡಿ ಎಂದು ಹೇಳಿ ಮೂಲೆಹೊಲದ ಕಡೆ ನಡೆದೆ.

ಚಿನ್ನಸ್ವಾಮಿ ಆಗಲೇ ಎತ್ತು ಕಟ್ಟಿದ್ದ. ಅರ್ಧ ಹೊಲ ತಿರುವಿಹೋಗಿತ್ತು. ಗೋವಿಂದಮ್ಮ ಬದುವಿನ ಮೇಲೆ ನಿಂತು ನೋಡುತ್ತಿದ್ದಳು. ಅಳುತ್ತಿರಲಿಲ್ಲ. ನಾನು ಹತ್ತಿರ ಹೋಗಿ, ನಿಮಗೆ ಹೊಲ ಸಿಗಲಿ ಎಂದೇ ಹಾಡಿದೆ, ಅವರು ಹೀಗೆ ಮಾಡುತ್ತಾರೆಂದು ಗೊತ್ತಿರಲಿಲ್ಲ ಎಂದೆ. ಅವಳು ಹೊಲದಿಂದ ಕಣ್ಣು ತೆಗೆಯಲಿಲ್ಲ.

"ಹೊಲ ಹೋಯ್ತು, ಹೋಗ್ಲಿ ಮೇಷ್ಟ್ರೇ. ಗಂಡ ಬುಟ್ಟೋಳಿಗೆ ಮೇಷ್ಟ್ರು ಯಾಕೆ ಪದ್ಯ ಕಟ್ದ ಅಂತ ಬಾವಿತಾವ ಆಗ್ಲೇ ಕೇಳ್ತಾವ್ರೆ. ಇನ್ನು ಆ ಮನೇಲೇ ನಾನು ಉಣ್ಬೇಕು. ಅವ್ರಿಗೇನು ಅರ್ಥ ಹೇಳ್ಲಿ?"

ಯಾರಾದರೂ ನೋಡುತ್ತಿದ್ದಾರೆಯೇ ಎಂದು ಅವಳು ಒಮ್ಮೆ ಸುತ್ತ ನೋಡಿ, ತಲೆಯ ಮೇಲೆ ಸೆರಗೆಳೆದುಕೊಂಡು, ನನ್ನಿಂದ ದೂರವಾಗಿ ಬದುವಿನ ಆಚೆ ಬದಿಯಲ್ಲಿ ನಡೆದುಹೋದಳು.